ಸುಮ್ನ ಕುಂದ್ರು

ಡಾಕ್ಟರು ಬಿಪಿ ಹೆಚ್ಚಾಗಿದೆ, ಧ್ಯಾನ ಮಾಡಿ ಎಂದರು. ಮಠದ ಹಾಲ್‌ನಲ್ಲಿ ಬೆಳಿಗ್ಗೆ ಪುಕ್ಕಟೆ ಕಲಿಸುತ್ತಾರೆ ಎಂದು ಪಕ್ಕದ ಮನೆಯವಳು ಹೇಳಿದಳು. ಪುಕ್ಕಟೆ ಎಂದ ಮೇಲೆ ಸಿಂಧನೂರಿನ ಹೆಂಗಸರು ಯಾವುದನ್ನು ಬಿಟ್ಟಿದ್ದೇವೆ? ಇಬ್ಬರೂ ಹೋದೆವು.

ಕಲಿಸುವವರು ನಿವೃತ್ತ ಶಿಕ್ಷಕಿ. ಪುಸ್ತಕದ ಭಾಷೆಯಲ್ಲಿ, "ಕಣ್ಣು ಮುಚ್ಚಿ. ಏನೂ ಮಾಡಬೇಡಿ. ಸುಮ್ಮನೆ ಕುಳಿತುಕೊಳ್ಳಿ" ಎಂದರು. ನಾನು ಮುಚ್ಚಿದ ಕಣ್ಣು ತೆರೆದುಬಿಟ್ಟೆ. ಈ ಮಾತನ್ನು ಮದುವೆಯಾದಾಗಿನಿಂದ ಮನೆಯಲ್ಲೇ ಕೇಳಿದ್ದೆ.

ನಮ್ಮ ಯಜಮಾನರು ಅಕ್ಕಿ ಗಿರಣಿಯಲ್ಲಿ ಮಷಿನ್ ನಡೆಸುತ್ತಿದ್ದರು. ದಿನವಿಡೀ ಆ ಸದ್ದಿನಲ್ಲಿ ನಿಂತು, ಸಂಜೆ ಮೀಸೆಗೆಲ್ಲ ತೌಡು ಮೆತ್ತಿಕೊಂಡು ಬಂದು, ಮುಖ ತೊಳೆದು ಮನೆ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಚಹಾದ ಜೊತೆ ಇಡೀ ಓಣಿಯ ಸುದ್ದಿಯನ್ನೂ ತೆಗೆದುಕೊಂಡು ಹೋಗುತ್ತಿದ್ದೆ. ಅವರು ಪಕ್ಕದ ಜಾಗವನ್ನು ಟವೆಲ್‌ನಿಂದ ಝಾಡಿಸಿ, "ಬಾ, ಒಂದೀಟು ಸುಮ್ನ ಕುಂದ್ರು" ಅನ್ನುತ್ತಿದ್ದರು.

ನಮ್ಮ ಕಡೆ ಈ ಮಾತನ್ನು ಹಟ ಮಾಡುವ ಮಕ್ಕಳಿಗೆ ಅನ್ನುತ್ತೇವೆ. ಬಾಯಿ ಮುಚ್ಚು ಅನ್ನಲು ನಾಚಿಕೆಯಾದಾಗಲೂ ಇದನ್ನೇ ಅನ್ನುತ್ತೇವೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ನನ್ನ ಮಾತು ನಿಮಗ ಸೇರಂಗಿಲ್ಲ. ನಾ ಗ್ವಾಡಿ ಜೋಡಿ ಮಾತಾಡ್ತೀನಿ ತಗೋರಿ" ಎಂದು ಒಳಗೆ ಹೋಗಿ ಪಾತ್ರೆಗಳ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೆ. ಅವರು ಝಾಡಿಸಿದ ಜಾಗ ಹಾಗೇ ಇರುತ್ತಿತ್ತು.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನನ್ನ ತವರು ಲಿಂಗಸುಗೂರು, ಹಟ್ಟಿಯ ಚಿನ್ನದ ಗಣಿ ಅಲ್ಲೇ ಮಗ್ಗುಲಲ್ಲಿ. ಆದರೂ ನನಗೆ ಬಂಗಾರದ ಗುರುತು ಹತ್ತಲಿಲ್ಲ.

ಹಾಲ್‌ನಲ್ಲಿ ಮೊದಮೊದಲು ಕಣ್ಣು ಮುಚ್ಚಿದರೆ ಒಲೆಯ ಮೇಲಿನ ಹಾಲು, ಮಸ್ಕಿ ಸಂತೆಯಲ್ಲಿ ಮರೆತುಬಂದ ಕೊಡೆ, ಬೀಗರು ಆಡಿದ ಚುಚ್ಚುಮಾತು, ಎಲ್ಲ ಬಂದು ಕೂರುತ್ತಿದ್ದವು. ಬಿಡದೆ ಹೋದೆ. ಒಂದು ಬೆಳಿಗ್ಗೆ ಅವೆಲ್ಲ ಸರಿದು, ಪಕ್ಕದ ಮನೆಯವಳ ಉಸಿರು ಕೇಳಿಸಿತು. ಅವಳು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಜೊತೆಗೊಬ್ಬರು ಹಾಗೆ ಕೂತಿರುವುದೇ ಎಷ್ಟು ಹಿತ ಅನ್ನಿಸಿತು. ಆಗ ಯಜಮಾನರ ಮಾತು ನೆನಪಾಯಿತು. ಅವರು ನನ್ನ ಬಾಯಿ ಮುಚ್ಚಿಸುತ್ತಿರಲಿಲ್ಲ, ಪಕ್ಕಕ್ಕೆ ಕರೆಯುತ್ತಿದ್ದರು. ಅಷ್ಟು ವರ್ಷ ನಾನು "ಸುಮ್ನ" ಎಂಬುದನ್ನಷ್ಟೇ ಕೇಳಿಸಿಕೊಂಡಿದ್ದೆ. ಅದಕ್ಕಿಂತ ಮುಂಚೆ ಒಂದು "ಬಾ" ಇರುತ್ತಿತ್ತು.

ಈಗ ಅವರು ಗಿರಣಿ ಬಿಟ್ಟು ಮನೆಯಲ್ಲೇ ಇದ್ದಾರೆ. ಎದ್ದಾಗಿನಿಂದ ಟಿವಿ, ಅದೂ ಓಣಿಗೆಲ್ಲ ಕೇಳುವಷ್ಟು ಜೋರು. ವಯಸ್ಸಾದ ಮೇಲೆ ಹತ್ತಿದ ಚಟ ಎಂದುಕೊಂಡಿದ್ದೆ. ಅಂದು ಸಂಜೆ ಟಿವಿ ಬಂದ್ ಮಾಡಿ, ಕಟ್ಟೆಯನ್ನು ನಾನೇ ಝಾಡಿಸಿ ಕರೆದೆ.

"ಬರ್ರಿ, ಇಬ್ರೂ ಒಂದೀಟು ಸುಮ್ನ ಕುಂದ್ರೂಣು."

ನನ್ನ ಮುಖವನ್ನೇ ನೋಡುತ್ತ ಬಂದು ಕೂತರು. ಸ್ವಲ್ಪ ಹೊತ್ತಿಗೇ ಕಿವಿ ಉಜ್ಜತೊಡಗಿದರು.

"ನನಗ ಆಗವಲ್ದು."

"ಯಾಕ್ರೀ?"

"ಸುಮ್ನ ಕುಂತ್ರ ಕಿವ್ಯಾಗ ಗಿರಣಿ ಚಾಲೂ ಆಕೈತಿ. ಬಂದ್ ಆಗಂಗಿಲ್ಲ. ಅದಕ್ಕ ಟಿವಿ ಹಚ್ಚತೀನಿ."

"ನನಗ ಒಮ್ಮೆರ ಹೇಳಬಾರದೇನ್ರೀ?"

"ಹೇಳಿ ಏನ್ ಮಾಡ್ಲಿ? ಡಾಕ್ಟರ್‌ಗೆ ತೋರ್ಸೀನಿ. ಅದು ಹಂಗ ಇರತೈತಿ ಅಂದಾರ." ಆಮೇಲೆ ನನ್ನ ಕಡೆ ತಿರುಗಿ, "ನೀ ಏನರ ಮಾತಾಡು. ನಿನ್ನ ಮಾತಿನ್ಯಾಗ ಅದು ಕೇಳಂಗಿಲ್ಲ" ಎಂದರು.

ಮಾತಾಡಿದೆ. ಓಣಿಯ ಸುದ್ದಿಯನ್ನೇ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

ಈಗ ದಿನಾ ಬೆಳಿಗ್ಗೆ ಹಾಲ್‌ಗೆ ಹೋಗಿ ಸುಮ್ಮನೆ ಕೂರುತ್ತೇನೆ. ಸಂಜೆ ಕಟ್ಟೆಯ ಮೇಲೆ ಅವರ ಪಕ್ಕ ಕೂತು ಮಾತಾಡುತ್ತೇನೆ. ಇಬ್ಬರೂ ಸೇರಿ ಸುಮ್ಮನೆ ಕೂರುವುದು ಮಾತ್ರ ನಮಗೆ ಇನ್ನಿಲ್ಲ.