ಯಾರು ಯಾರಿಗೆ ಹೇಳಿದ್ದು

ಅಪ್ಪನಿಗೆ ಅರ್ಥದ ಹುಚ್ಚು. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅವರು ರಜೆ ಬಂತೆಂದರೆ ಗಮಕಕ್ಕೆ ಹೊರಡುತ್ತಿದ್ದರು. ಗಮಕವೆಂದರೆ ಒಬ್ಬರು ಕಾವ್ಯದ ಪದ್ಯವನ್ನು ರಾಗವಾಗಿ ಹಾಡುವುದು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವುದು. ಅರ್ಥ ಹೇಳುವವರು ಅಪ್ಪ, ಹಾಡುವವನು ನನ್ನ ತಮ್ಮ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ದೇವಸ್ಥಾನದಲ್ಲಿ ಜಮಖಾನ ಹಾಸಿದರೂ ಇವರಿಬ್ಬರದೇ ಜೋಡಿ. ತಮ್ಮ ಒಂದು ಪದ್ಯ ಹಾಡಿ ನಿಲ್ಲಿಸುತ್ತಿದ್ದ. ಅಪ್ಪ ಕನ್ನಡಕ ಸರಿಮಾಡಿಕೊಂಡು, ಕ್ಲಾಸಿನಲ್ಲಿ ಕೇಳುವ ಹಾಗೆಯೇ ಕೇಳುತ್ತಿದ್ದರು: "ಈ ಮಾತನ್ನ ಯಾರು ಯಾರಿಗೆ ಹೇಳಿದ್ದು?" ಆಮೇಲೆ ಉತ್ತರವನ್ನೂ ತಾವೇ ಹೇಳಿ, ಪದಪದವಾಗಿ ಬಿಡಿಸಿ, ಮುಂದೆ ಕೂತವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೂ ಬಿಡುತ್ತಿರಲಿಲ್ಲ. ನನಗೋ ಆಕಳಿಕೆ. ತಮ್ಮನ ಹಾಡು ಮುಗಿದದ್ದೇ ಪ್ರಸಾದದ ಪಾತ್ರೆ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ತೊಂಬತ್ತರ ದಶಕದ ನಡುವೆ, ತಮ್ಮ ಬಿ.ಕಾಂ. ಓದುತ್ತಿದ್ದಾಗ, ಕೋಟೆ ನೋಡಲು ಬಂದಿದ್ದ ವಿದೇಶದ ಹುಡುಗನೊಬ್ಬನಿಗೆ ದಾರಿ ತೋರಿಸುತ್ತಾ ಕರಿಘಟ್ಟ ಹತ್ತಿಸಿದ್ದ. ಆ ಹುಡುಗ ಹೊರಡುವಾಗ ಒಂದು ಕ್ಯಾಸೆಟ್ಟು ಕೊಟ್ಟು ಹೋದ. ಅದಕ್ಕೆ ಕವರಿಲ್ಲ, ಹೆಸರಿಲ್ಲ. ಯಾವ ತಂಡ, ಯಾವ ದೇಶ, ಒಂದೂ ತಿಳಿಯದು. ಗಿಟಾರು, ಡ್ರಮ್ಮು, ಅದರ ಮೇಲೆ ನೆಗಡಿಯಾದವನಂತೆ ಹಾಡುವ ಒಬ್ಬ ಗಂಡಸು. ಮೊದಲ ಸಲ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಓಡಿ ಬಂದು, "ಅಟ್ಟದಿಂದ ಪಾತ್ರೆ ಬಿತ್ತೇನ್ರೋ?" ಎಂದಳು.

ನಾನಾಗ ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದೆ, ಆ ಜಂಬ ಸಾಕಷ್ಟಿತ್ತು. ತಮ್ಮ ಟೇಪ್ ರೆಕಾರ್ಡರ್ ಎತ್ತಿಕೊಂಡು ಬಂದು ನನ್ನ ಪುಸ್ತಕದ ಮೇಲೆಯೇ ಇಡುತ್ತಿದ್ದ. "ಅಕ್ಕ, ಏನಂತಾನೆ ಇವ್ನು?" ಅದರಲ್ಲಿದ್ದ ಮೂರನೆಯ ಹಾಡನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ತಿರುಗಿಸಿ, ಅಂತೂ ಪೂರ್ತಿ ಬಿಡಿಸಿಕೊಂಡೆವು. ಸಾಲು ಸಾಲಿಗೂ ನಾನೇ ಕನ್ನಡದಲ್ಲಿ ಹೇಳಿಕೊಟ್ಟೆ. ಇದರಲ್ಲೇನಿದೆ ಮಣ್ಣು ಎಂದೂ ಸೇರಿಸಿದೆ. ಅವನು ಮಾತ್ರ ಆ ಹಾಡನ್ನು ಬಿಡಲಿಲ್ಲ.

ಅಪ್ಪ ಸುಮ್ಮನಿರುವವರಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ತಮ್ಮನನ್ನು ಕೇಳಿದರು. "ಎಲ್ಲಿ, ಈ ಹಾಡು ಯಾರು ಯಾರಿಗೆ ಹೇಳಿದ್ದು, ಹೇಳು ನೋಡೋಣ."

"ಯಾರು ಬೇಕಾದ್ರೂ ಆಗ್ಬೋದು ಅಪ್ಪ. ಯಾರು ಕೇಳ್ತಾರೋ ಅವ್ರದ್ದೇ."

"ತಲೆಬುಡ ಇಲ್ಲದ್ದಕ್ಕೆಲ್ಲ ಇದೊಂದು ನೆಪ."

"ನೀವು ಅರ್ಥ ಹೇಳಿ ಮುಗಿಸೋ ಹೊತ್ಗೆ ನಾನು ಹಾಡಿದ್ದೇ ಯಾರಿಗೂ ನೆನಪಿರಲ್ಲ. ಒಂದ್ಸಲನಾದ್ರೂ ಹಾಡನ್ನ ಹಾಗೇ ಬಿಡಬಾರ್ದಾ?"

ಅಪ್ಪನ ಮುಖ ಕೆಂಪಾಯಿತು. "ಹಾಗಾದ್ರೆ ನೀನು ನನ್ನ ಜೊತೆ ಬರೋದೇ ಬೇಡ" ಎಂದರು. ತಮ್ಮ ಬರಲಿಲ್ಲ.

ಕೆ.ಆರ್. ಪೇಟೆಯ ಕಾರ್ಯಕ್ರಮಕ್ಕೆ ಬೇರೆ ಯಾರನ್ನೋ ಹಾಡಲು ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಏರ್ಪಾಡು ಮಾಡಿದ್ದ ಯಜಮಾನರು ಬಾಗಿಲಲ್ಲೇ ತಡೆದರು. "ಇದ್ಯಾಕ್ ಮೇಷ್ಟ್ರೇ, ಉಡುಗ್ನ ಬುಟ್ಬುಟ್ಟು ಬಂದ್ರಿ? ಅವನ ಗಂಟ್ಲು ಕೇಳ್ಬೇಕು ಅಂತ್ಲೇ ಬೆಳ್ಳೂರಿಂದ ಬಂದವ್ರೆ ಜನ." ಅಪ್ಪ ಪರೀಕ್ಷೆ ಇದೆಯೆಂದು ಸುಳ್ಳು ಹೇಳಿದರು. ಅವತ್ತು ಅವರ ಅರ್ಥವಿವರಣೆಗೆ ಯಾರ ಕಣ್ಣೂ ತೇವವಾಗಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ. ಸಂಜೆ ಕಾಲೇಜಿನಿಂದ ಬಂದ ತಮ್ಮ ಒಳಗೆ ಕಾಲಿಡುತ್ತಿರಲಿಲ್ಲ. ಬೀದಿಯ ಕಡೆಗಿನ ಜಗಲಿಯ ಮೇಲೆ ಟೇಪ್ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಕೂತು ಆ ಹಾಡು ಹಾಕುತ್ತಿದ್ದ. ಅಪ್ಪ ನಡುಮನೆಯಿಂದ ಎದ್ದು ಹೋಗಿ, ಅರ್ಧ ಮುಚ್ಚಿದ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಈಗ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಬೈಯುತ್ತಲೂ ಇರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಹಾಡು ಮುಗಿದ ಮೇಲೆ ವಾಪಸು ಬಂದು ಊಟಕ್ಕೆ ಕೂರುತ್ತಿದ್ದರು. ಅವರ ಊಟವಾದ ಮೇಲೆ ಇವನು ಒಳಗೆ ಬರುತ್ತಿದ್ದ. "ಒಂದೇ ಮೂಗು, ಒಂದೇ ಹಠ" ಎಂದು ಅಮ್ಮ ಎರಡೆರಡು ಸಲ ಸಾರು ಬಿಸಿ ಮಾಡುತ್ತಾ ಗೊಣಗುತ್ತಿದ್ದಳು. ನಾನು ನಗುತ್ತಿದ್ದೆ. ಇನ್ನೊಂದು ವಾರ, ತಾನೇ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದರು. ಎಲ್ಲರೂ ಮಾಡುವ ಹಾಗೆ ಸೊಪ್ಪಿನ ಔಷಧಿ ಕುಡಿಸಿದೆವು, ಉಪ್ಪು ಖಾರ ಬಿಡಿಸಿದೆವು. ಮೈಸೂರಿನ ಆಸ್ಪತ್ರೆಗೆ ಸೇರಿಸುವಾಗಲೇ ಅವನಿಗೆ ಪೂರಾ ಎಚ್ಚರವಿರಲಿಲ್ಲ. ಅಪ್ಪ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವನ ಪಾದ ಹಿಡಿದುಕೊಂಡಿದ್ದರು. ಊರಿಗೆಲ್ಲ ಅರ್ಥ ಹೇಳುವ ಮನುಷ್ಯ, ಮಗನಿಗೆ ಒಂದು ಮಾತೂ ಹೇಳಲಾಗದೆ ಪಾದ ಸವರುತ್ತಾ ಕೂತಿದ್ದರು. ಅವನು ಅಲ್ಲೇ ಹೋಗಿಬಿಟ್ಟ.

ಕರ್ಮಗಳೆಲ್ಲ ಮುಗಿದು, ಬಂದ ನೆಂಟರು ಹೊರಟು, ಮನೆ ಖಾಲಿಯಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅಪ್ಪ ಟೇಪ್ ರೆಕಾರ್ಡರನ್ನು ಎರಡು ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟರು.

"ಇದರ ಅರ್ಥ ಹೇಳು."

"ಈಗ ಯಾಕಪ್ಪ?"

"ಅವನು ನನ್ನ ಮೇಲೆ ಸಿಟ್ಟಲ್ಲೇ ಹೋದ್ನಾ ಅಂತ ತಿಳೀಬೇಕು. ಬಾಯಲ್ಲಂತೂ ಹೇಳ್ಲಿಲ್ಲ. ಇದನ್ನ ಹಾಕ್ತಿದ್ದ."

ಅವರು ಗಮಕಕ್ಕೆ ಕೂರುವ ಹಾಗೆ ಚಕ್ಕಂಬಕ್ಕಳ ಹಾಕಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮಗನ ಜಾಗದಲ್ಲಿ ಟೇಪ್ ರೆಕಾರ್ಡರ್ ಇತ್ತು. ಹಾಡು ಶುರುವಾಯಿತು. ಮೊದಲ ಸಾಲುಗಳಾದ ಮೇಲೆ ಅಪ್ಪ ತಾವೇ ಗುಂಡಿ ಒತ್ತಿ ನಿಲ್ಲಿಸಿದರು. ನಾನು ಹೇಳಿದೆ: "ಬಾಗಿಲ ಹತ್ತಿರ ನಿನ್ನ ನೆರಳು ಕಾಣ್ತಿದೆ. ನಾನು ಹೊರಗೆ ಕಾರಲ್ಲಿ ಕೂತಿದೀನಿ. ಇಂಜಿನ್ ಆರಿಸಿಲ್ಲ."

ಅಪ್ಪ ತಲೆಯಾಡಿಸಿದರು. ಮತ್ತೆ ಎರಡು ಸಾಲು, ಮತ್ತೆ ನಿಲುಗಡೆ. ಆ ಎರಡು ಸಾಲು ನನಗೆ ಚೆನ್ನಾಗಿ ನೆನಪಿತ್ತು, ಅಪ್ಪನ ಮುಂದೆ ಹೇಳಲು ಬಾಯಿ ಬರಲಿಲ್ಲ. "ಏನೋ ಪ್ರೀತಿ ಗೀತಿ ವಿಷಯ ಅಪ್ಪ" ಎಂದೆ.

"ಅಷ್ಟುದ್ದಕ್ಕೆ ಅಷ್ಟೇನಾ? ಪದ್ಯದಲ್ಲಿ ಇರೋದನ್ನ ಹೇಳು. ಅರ್ಥ ನಾನು ಮಾಡ್ಕೋತೀನಿ."

ಅವರ ಮುಂದೆ ಯಾವತ್ತೂ ಪಾಠ ಹಾರಿಸಲು ಆಗಿದ್ದಿಲ್ಲ. ಹೇಳಿದೆ: "ನಾನಂದ ಮಾತಿಗೆಲ್ಲ ನೀನೇ ಅರ್ಥ ಕಟ್ಟಿದೆ. ನನಗೆ ಅಂತ ಉಳಿದಿದ್ದು ಬರೀ ದನಿ."

ಅಪ್ಪ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. "ಸರಿಯಾಗೇ ಅಂದಿದಾನೆ" ಎಂದರು. ನನಗೆ ಆ ಹಾಡುಗಾರನ ಮೇಲೆ ಕೆಟ್ಟ ಸಿಟ್ಟು ಬಂತು. ಎಲ್ಲಿಯೋ ಬೆಚ್ಚಗೆ ಕೂತು ಬರೆದ ಮಹಾನುಭಾವನಿಗೆ ನಮ್ಮ ಮನೆಯ ಗೋಳು ಯಾಕೆ ಬೇಕಿತ್ತು?

ಕೊನೆಗೆ ಪಲ್ಲವಿ. ಅದು ತಿರುತಿರುಗಿ ಬರುತ್ತದೆ, ಇರುವುದು ಎರಡೇ ಮಾತು. "ನಾನು ಒಳಗೆ ಬರಲ್ಲ. ಆದ್ರೆ ನೋಡು, ಹೋಗಿಯೂ ಇಲ್ಲ."

ಅಪ್ಪ ಟೇಪು ನಿಲ್ಲಿಸಿ ಕೇಳಿದರು. "ಯಾರು ಯಾರಿಗೆ ಹೇಳಿದ್ದು?" ದೇವಸ್ಥಾನಕ್ಕೆಲ್ಲ ಕೇಳಿಸುತ್ತಿದ್ದ ಆ ಪ್ರಶ್ನೆ ಈಗ ನನಗೂ ಸರಿಯಾಗಿ ಕೇಳಿಸದಷ್ಟು ಸಣ್ಣಗಿತ್ತು.

"ಗೊತ್ತಿಲ್ಲಪ್ಪ. ಯಾವುದೋ ಹುಡುಗಿಗೆ ಇರಬೇಕು. ಇಂಥ ಹಾಡು ಸಾಮಾನ್ಯ ಹಾಗೇ."

"ಇದರ ಅರ್ಥ ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹೇಳಿಕೊಟ್ಟಿದ್ದೆ."

ಅಪ್ಪ ಬೀದಿಬಾಗಿಲ ಕಡೆ ತಿರುಗಿದರು. "ಹುಡುಗಿಗಲ್ಲ ಕಣೇ. ಜಗಲಿ ಮೇಲೆ ಕೂತು ಹಾಕ್ತಿದ್ದ. ನಾನು ಬಾಗಿಲ ಹಿಂದೆ ನಿಂತಿರೋದು ಅವನಿಗೆ ಕಾಣ್ತಿತ್ತು. ಸಿಟ್ಟು ಮಾಡ್ಕೊಂಡು ಹೊರಗೆ ಕೂತಿದಾನೆ ಅಂತ ನಾನು ತಿಳ್ಕೊಂಡೆ. ಅವನು ಹೋಗಿರ್ಲಿಲ್ಲ. ನಾನು ಕರೀಲಿ ಅಂತ ಕೂತಿದ್ದ."

ಹಾಗಲ್ಲ ಅಪ್ಪ, ಹಾಡಿಗೆ ಇಷ್ಟೆಲ್ಲ ಅರ್ಥ ಹಚ್ಚಬಾರದು ಎನ್ನಬೇಕೆಂದುಕೊಂಡೆ. ಒಂದು ಸಾಲಿಗೆ ನೂರು ಅರ್ಥ ಸಾಧ್ಯ ಎಂದು ನಮಗೆ ಕ್ಲಾಸಿನಲ್ಲಿ ಕಲಿಸುತ್ತಿದ್ದರು. ಆ ಮಧ್ಯಾಹ್ನ ನನಗೆ ಎರಡನೆಯ ಅರ್ಥ ಹೊಳೆಯಲಿಲ್ಲ. ಅವನು ಸಿಟ್ಟಿನಲ್ಲಿ ಹೋಗಲಿಲ್ಲ ಎಂದು ತಿಳಿದರೆ ಅಪ್ಪನಿಗೆ ಸಮಾಧಾನವಾಗುತ್ತದೆ ಎಂದು ನಾನು ಭಾವಿಸಿದ್ದೆ. ಸಿಟ್ಟಿದ್ದಿದ್ದರೇ ಅವರಿಗೆ ಹಗುರವಾಗುತ್ತಿತ್ತು.

ಅಪ್ಪ ಎದ್ದು ಹೋಗಿ ಜಗಲಿಯ ಮೇಲೆ ತಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತರು. ಸಂಜೆಯಾಯಿತು, ಅಮ್ಮ ದೇವರ ದೀಪ ಹಚ್ಚಿದಳು, ತಟ್ಟೆ ಹಾಕಿದಳು. ಅವರು ಬರಲಿಲ್ಲ. "ಹೋಗಿ ಕರಿ" ಎಂದು ಅಮ್ಮ ನನ್ನನ್ನು ಕಳಿಸಿದಳು. ಅರ್ಧ ಮುಚ್ಚಿದ ಬಾಗಿಲ ಹಿಂದೆ ನಿಂತಾಗ ಅಲ್ಲಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಅಪ್ಪ, ಒಳಗೆ ಬನ್ನಿ."

ಅವರು ತಕ್ಷಣ ಎದ್ದು ಬಂದರು. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು, ಅನ್ನಕ್ಕೆ ಕೈ ಹಾಕಿದವರು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು.

"ನೋಡಿದ್ಯಾ" ಎಂದರು, "ಒಂದು ಮಾತು ಸಾಕು, ಎದ್ದು ಬರೋಕೆ."