ಅಕ್ಕಿಯ ಮೇಲೆ ಬರೆದ ಇಂಗ್ಲಿಷ್

ಹಲ್ಲು ಕೂಡಿಸಿಕೊಂಡು ತರಗತಿಯ ಮಕ್ಕಳೆಲ್ಲ ಒಮ್ಮೆಗೇ ‘ಸ್‌ಸ್‌ಸ್’ ಎಂದರು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಸದ್ದು ಅದು. ಚಾಕ್‌ಪೀಸು ಹಿಡಿದ ನನ್ನ ಕೈ ಹಾಗೇ ನಿಂತುಬಿಟ್ಟಿತು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನಮ್ಮ ಶಾಲೆಗೆ ಈ ವರ್ಷ ಫೋನಿಕ್ಸ್ ಬಂದಿದೆ. ಇಂಗ್ಲಿಷ್ ಅಕ್ಷರದ ಹೆಸರನ್ನು ಮೊದಲು ಕಲಿಸಬೇಡಿ, ಅದರ ಸದ್ದನ್ನು ಕಲಿಸಿ, ಸದ್ದು ಕೂಡಿಸಿದರೆ ಶಬ್ದ ತಾನಾಗಿ ಬರುತ್ತದೆ ಎಂದು ತರಬೇತಿಯಲ್ಲಿ ಹೇಳಿದರು. ಮನೆಯಲ್ಲಿ ಗುಜರಾತಿ, ಹಿಂದಿ, ಒಡಿಯಾ ಆಡುವ ಮಕ್ಕಳಿಗೆ ಇದೇ ಸುಲಭದ ದಾರಿಯಂತೆ. ಉಳಿದ ಟೀಚರುಗಳು ಹೊಸದೇನೋ ಕಂಡವರಂತೆ ಬರೆದುಕೊಳ್ಳುತ್ತಿದ್ದರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಇದರಲ್ಲಿ ಹೊಸದೇನಿದೆ, ನಮ್ಮವ್ವ ಅಡುಗೆಮನೆಯಲ್ಲಿ ಕೂತು ಇದನ್ನೇ ಮಾಡಿದ್ದಳಲ್ಲ ಎಂದು ಎದ್ದು ನಿಂತು ಹೇಳಬೇಕೆನಿಸಿತು. ಹೇಳಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಆಗ ನಾವು ವಡೋದರಾದ ಗೋರ್ವಾದಲ್ಲಿದ್ದೆವು. ಅಪ್ಪ ವಿಮಾ ಕಂಪನಿಯಲ್ಲಿ. ಧಾರವಾಡದಿಂದ ವರ್ಗವಾಗಿ ಬಂದವರು. ಮಾಳಿಗೆಯ ಮೇಲೆ ಮನೆಯೊಡತಿ ಬಾ, ಕೆಳಗೆ ನಾವು. ಎಲ್ಲರಿಗೂ ಆಕೆ ಬಾ, ಅಂದರೆ ಅಮ್ಮ. ಹೆಸರು ನಮಗೆ ಗೊತ್ತೇ ಇರಲಿಲ್ಲ. ಬೆಳಗ್ಗೆ ಮೇಲಿನಿಂದ ಅವರ ಬೇಳೆಸಾರಿಗೆ ಹಾಕಿದ ಬೆಲ್ಲ, ಸಾಸಿವೆ, ಲವಂಗದ ವಾಸನೆ ಇಳಿದು ಬರುತ್ತಿತ್ತು. ಕೆಳಗಿನಿಂದ ನಮ್ಮ ಜೋಳದ ರೊಟ್ಟಿಯ ಕಮ್ಮನೆ ವಾಸನೆ ಮೇಲೇರುತ್ತಿತ್ತು. ಸಂಜೆಗೆ ಗಾಳಿ ತಿರುಗಿದರೆ ಕಾರ್ಖಾನೆಗಳ ಕಡೆಯಿಂದ ಎಂಥದೋ ಘಾಟು ಬಂದು ಎರಡನ್ನೂ ಮುಳುಗಿಸಿಬಿಡುತ್ತಿತ್ತು. ಅವ್ವ ಬೈಯುತ್ತ ಕಿಟಕಿ ಮುಚ್ಚುತ್ತಿದ್ದಳು. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ನಾನೂ ತಮ್ಮ ಶೀನುವೂ ಏಳುತ್ತಿದ್ದೆವು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟು ನಿಂತಿದೆ, ಕೆಳಗೆ ಮೊಬೈಲ್ ರಿಪೇರಿ ಅಂಗಡಿ. ಒಮ್ಮೆ ಹೋಗಿ ನೋಡಿದೆ. ಯಾಕಾದರೂ ಹೋದೆನೋ ಅನ್ನಿಸಿತು.

ನಾನು ಏಳನೆಯ ತರಗತಿಯಲ್ಲಿದ್ದಾಗ ಶೀನು ಎರಡನೆಯದರಲ್ಲಿದ್ದ. ಮಾತಿನಲ್ಲಿ ಅವನನ್ನು ಹಿಡಿಯುವವರಿಲ್ಲ. ನಮ್ಮೊಂದಿಗೆ ಕನ್ನಡ, ಓಣಿಯಲ್ಲಿ ಗುಜರಾತಿ, ಅಂಗಡಿಯಲ್ಲಿ ಹಿಂದಿ. ಇಂಗ್ಲಿಷ್ ಪುಸ್ತಕ ತೆರೆದರೆ ಮಾತ್ರ ಬಾಯಿಗೆ ಬೀಗ. ಚಿತ್ರ ನೋಡಿ, ಪಕ್ಕದವನು ಹೇಳಿದ್ದನ್ನು ಕೇಳಿ, ಪಾಠವನ್ನೆಲ್ಲ ಬಾಯಿಪಾಠ ಮಾಡಿ ಒಂದು ವರ್ಷ ದೂಡಿದ್ದ. ಅದು ಶಾಲೆಗೆ ಗೊತ್ತಾಯಿತು. ಹೆಡ್‌ಮಿಸ್ ಅಪ್ಪ ಅವ್ವ ಇಬ್ಬರನ್ನೂ ಕರೆಸಿ, ಮಾರ್ಚಿನ ಪರೀಕ್ಷೆಯ ಹೊತ್ತಿಗೆ ಗೊತ್ತಿಲ್ಲದ ಪುಟವನ್ನು ಅವನು ತಾನೇ ಓದಬೇಕು, ಇಲ್ಲವಾದರೆ ಗುಜರಾತಿ ಮೀಡಿಯಮ್ಮಿಗೆ ಹಾಕಿ ಎಂದರು. ಮನೆಗೆ ಬಂದ ಅವ್ವ ಚಪ್ಪಲಿಯನ್ನೂ ಬಿಡಲಿಲ್ಲ. “ಗುಜರಾತಿ ಕಲೀಲಿ, ನಾ ಬ್ಯಾಡನ್ನೂದಿಲ್ಲ. ನಾಳೆ ನಿಮ್ಮನ್ನ ನಾಗಪುರಕ್ಕೋ ಮದ್ರಾಸಿಗೋ ಒಗದ್ರ ಈ ಹುಡುಗ ಮತ್ತ ಮೊದಲಿಂದ ಸುರು ಮಾಡಬೇಕೇನ್ರಿ?” ಎಂದು ಅಪ್ಪನನ್ನು ಕೇಳಿದಳು. ವರ್ಗಾವಣೆಯ ಮನೆಗಳಲ್ಲಿ ಊರಿಂದೂರಿಗೆ ಜೊತೆಗೆ ಬರುವ ಪಾಠವೆಂದರೆ ಇಂಗ್ಲಿಷ್ ಒಂದೇ.

ಅವ್ವ ಕನ್ನಡ ಶಾಲೆಯಲ್ಲಿ ಓದಿದವಳು, ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಕೂರಿಸಿಕೊಂಡಳು. ಮೊದಲ ದಿನವೇ ಶೀನು ಅವಳಿಗೆ ಕಗ್ಗಂಟಿನ ಪ್ರಶ್ನೆ ಹಾಕಿದ. “ಸೀ, ಏ, ಟೀ ಕೂಡಿಸಿದ್ರ ಸೀಯೇಟೀ ಆಗಬೇಕಲ್ಲವ್ವಾ? ಕ್ಯಾಟ್ ಹೆಂಗಾತು?” ನಾನು ನಕ್ಕೆ. ಅವ್ವ ನಗಲಿಲ್ಲ. ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು, “ಅವ ಕೇಳೂದು ಖರೇನ ಅದ. ಹುಡುಗ ದಡ್ಡ ಅಲ್ಲ. ನಾವ ದಾರಿ ತಪ್ಪಿಸೀವಿ” ಎಂದಳು. ಅಕ್ಷರಕ್ಕೂ ಸದ್ದಿಗೂ ಬೇರೆ ಬೇರೆ ಹೆಸರಿಲ್ಲದ ಭಾಷೆಯಲ್ಲಿ ಓದು ಕಲಿತವಳಿಗೆ, ಇಂಗ್ಲಿಷಿನಲ್ಲಿ ಹೆಸರೇ ಬೇರೆ, ಸದ್ದೇ ಬೇರೆ ಎಂಬುದು ಆ ಹೊತ್ತಿಗೆ ಹೊಳೆಯಿತು.

ಆ ವಾರವೇ ದಸರೆ. ಊರೆಲ್ಲ ಕಡಲೆಹಿಟ್ಟಿನ ಗರಿಗರಿ ಫಾಫ್ಡಾ, ಜಲೇಬಿಗೆ ಸಾಲು ನಿಂತಿತ್ತು. ವಿಜಯದಶಮಿಯ ಬೆಳಗ್ಗೆ ಅವ್ವ ಶೀನುವಿಗೆ ಎಣ್ಣೆ ಹಚ್ಚಿ ಎರೆದು, ಹೊಸ ಅಂಗಿ ತೊಡಿಸಿ, ದೇವರ ಮುಂದೆ ತಟ್ಟೆಯಲ್ಲಿ ಅಕ್ಕಿ ಹರವಿ, ಅವನ ಬೆರಳು ಹಿಡಿದು ಇಂಗ್ಲಿಷಿನ ಎಸ್ ಬರೆಸಿದಳು. ಮೂರು ವರ್ಷದವನಿದ್ದಾಗ ಧಾರವಾಡದಲ್ಲಿ ಆಗಿದ್ದ ಅಕ್ಷರಾಭ್ಯಾಸ ಇಲ್ಲಿ ಎರಡನೆಯ ಸಲ. ಅಪ್ಪ ಕಕ್ಕಾಬಿಕ್ಕಿ. “ಅಕ್ಕಿ ಮ್ಯಾಲೆ ಇಂಗ್ಲಿಷ್ ಬರಸೂದು ಎಲ್ಲೆರೆ ಕೇಳಿಯೇನು?” “ಸರಸ್ವತಿಗೆ ಇಂಗ್ಲಿಷ್ ಬರೂದಿಲ್ಲಂತ ಯಾರು ಹೇಳ್ಯಾರ್ರಿ?” ಎಂದು ಅವ್ವ ಶೀನುವಿನ ಬೆರಳನ್ನು ಮತ್ತೊಮ್ಮೆ ತಿರುವಿದಳು. ಜಲೇಬಿಯ ಪೊಟ್ಟಣ ಹಿಡಿದು ಇಳಿದು ಬಂದ ಬಾ ಬಾಗಿಲಲ್ಲೇ ನಿಂತರು. “ಆ ಶೂ ಕರೋ ಛೋ, ಬೆಹನ್?” ಇದೇನು ಮಾಡುತ್ತಿದ್ದೀ ಎಂಬ ಪ್ರಶ್ನೆಗೆ ಅವ್ವ ತನ್ನ ಮುರುಕು ಹಿಂದಿಯಲ್ಲಿ, “ಪಢಾಯೀ ಫಿರ್ ಸೇ ಶುರೂ, ಬಾ” ಎಂದಳು, ಓದು ಮತ್ತೆ ಮೊದಲಿನಿಂದ ಎಂದು. ಬಾ ಒಂದು ಚೂರು ಜಲೇಬಿ ಮುರಿದು ಶೀನುವಿನ ಬಾಯಿಗಿಟ್ಟರು.

ಅಂದಿನಿಂದ ಅಡುಗೆಮನೆಯೇ ಶಾಲೆ. ಹಂಚಿನ ಮೇಲೆ ನೀರು ಚಿಮುಕಿಸಿದರೆ ಎಸ್‌ನ ಸದ್ದು. ಅಂಗೈಯಲ್ಲಿ ಚಿಟಿಕೆ ಜೋಳದ ಹಿಟ್ಟಿಟ್ಟು ‘ಪ್’ ಎಂದರೆ ಹಿಟ್ಟು ಹಾರಬೇಕು, ಹಾರದಿದ್ದರೆ ಮತ್ತೆ. ಬಾಯಲ್ಲಿ ಬೆಲ್ಲವಿಟ್ಟುಕೊಂಡು ತುಟಿ ಬಿಚ್ಚದೆ ಎಮ್. ಅವ್ವ ಬಸ್ಸು, ಕಪ್ಪು, ಬ್ಯಾಗು ಎಂದು ನಮ್ಮ ಕಡೆಯವರಂತೆ ಶಬ್ದದ ಕೊನೆಗೊಂದು ‘ಉ’ ಬಾಲ ಹಚ್ಚುತ್ತಿದ್ದಳು. ಶಾಲೆಯಲ್ಲಿ ಹುಡುಗರು ನಕ್ಕರೆಂದು ಶೀನು ಮುಖ ಊದಿಸಿಕೊಂಡು ಬಂದ ಮೇಲೆ, ಶಬ್ದ ಮುಗಿಯುತ್ತಲೇ ತನ್ನ ತುಟಿಗೆ ತಾನೇ ಬೆರಳಿಟ್ಟುಕೊಳ್ಳತೊಡಗಿದಳು. ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡುತ್ತ, ಮೂಗಿಗೆ ಹಿಟ್ಟು ಮೆತ್ತಿಕೊಂಡು ಕೂತಿರುತ್ತಿದ್ದರು. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇವತ್ತಿಗೂ ಸ್ವಲ್ಪ ಇದೆ.

ದೀಪಾವಳಿ ಕಳೆದ ಮೇಲೆ, ಆಗಾಗ ಕಾಣಿಸಿಕೊಳ್ಳುತ್ತಿದ್ದ ಅವ್ವನ ಹೊಟ್ಟೆನೋವು ಜಾಸ್ತಿಯಾಯಿತು. ಹೊಟ್ಟೆಯಲ್ಲಿ ಹುಣ್ಣು, ಔಷಧಕ್ಕೆ ಹೋಗುತ್ತದೆ ಎಂದು ಅಪ್ಪ ನಮಗೆ ಹೇಳಿದರು. ಹುಣ್ಣಲ್ಲ ಎಂದು ನನಗೆ ತಿಳಿದದ್ದು ಅಪ್ಪ ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡಾಗ. ಶೀನುವಿಗೆ ಯಾರೂ ಹೇಳಲಿಲ್ಲ. ಸ್ವಲ್ಪ ದಿನ ಪಾಠ ಬಿಡು, ಮಲಗು ಎಂದು ಅಪ್ಪ ಬೇಡಿಕೊಂಡರು. “ನಾ ಇರೂದರೊಳಗ ಇವಗ ಓದಲಿಕ್ಕೆ ಬರಬೇಕು. ಆಮ್ಯಾಲೆ ಮಲಗೂದು ಇದ್ದೇ ಅದ” ಎಂದಳು ಅವ್ವ. ಚಳಿಗಾಲದಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಾ ಮೇಲಿನಿಂದ ಕಿಚಡಿ, ಕಢಿ ಕಳಿಸತೊಡಗಿದರು. ಗೋಡೆಗೆ ದಿಂಬು ಒರಗಿಸಿಕೊಂಡು ಕೂತ ಅವ್ವನ ಸದ್ದುಗಳು ಸಣ್ಣಗಾದವು. ಅಂಗೈಯ ಹಿಟ್ಟು ಈಗ ಅವಳ ಉಸಿರಿಗೆ ಹಾರುತ್ತಿರಲಿಲ್ಲ. ಶೀನು ಅವಳ ಅಂಗೈಯನ್ನೂ ತಾನೇ ಊದುತ್ತಿದ್ದ.

ಮಾರ್ಚಿನಲ್ಲಿ ಹೆಡ್‌ಮಿಸ್ ಅವನೆಂದೂ ಕಾಣದ ಪುಸ್ತಕವೊಂದನ್ನು ತೆರೆದು ಮುಂದಿಟ್ಟರು. ಅಪ್ಪನ ಜೊತೆ ನಾನೂ ಹೋಗಿದ್ದೆ. ಅವನು ಬೆರಳಿಟ್ಟುಕೊಂಡು, ಒಂದೊಂದೇ ಸದ್ದು ಕೂಡಿಸಿ, ಪುಟದ ಕೊನೆ ಮುಟ್ಟಿದ. ಹೆಡ್‌ಮಿಸ್ ಕನ್ನಡಕ ತೆಗೆದು, ಯಾವ ಟ್ಯೂಷನ್ ಎಂದು ಕೇಳಿದರು. “ಮನೀಯಾಗ” ಎಂದುಬಿಟ್ಟರು ಅಪ್ಪ, ಆಕೆಗೆ ಕನ್ನಡ ಬರುವುದಿಲ್ಲವೆಂಬುದನ್ನೇ ಮರೆತು. ಸುದ್ದಿ ಕೇಳಿದ ಅವ್ವ ಶೀನುವಿನ ತಲೆಯನ್ನು ತನ್ನ ಎದೆಗೊತ್ತಿಕೊಂಡಳು.

ಆ ಮಳೆಗಾಲವನ್ನು ಅವಳು ಪೂರ್ತಿ ನೋಡಲಿಲ್ಲ. ನನ್ನ ಕಣ್ಣಿಗೆ ಕಟ್ಟಿರುವುದು ಮಾತ್ರ ಅದಕ್ಕೂ ಮೊದಲಿನ ಏಪ್ರಿಲ್ ತಿಂಗಳ ಒಂದು ಬೆಳಗು. ಡಾಕ್ಟರಿಗೆ ತೋರಿಸಲೆಂದು ಅವಳನ್ನು ಅಹಮದಾಬಾದಿಗೆ ಕರೆದುಕೊಂಡು ಬಂದಿದ್ದೆವು. ರಿಕ್ಷಾ ಇಳಿದು ದವಾಖಾನೆಯ ಮೆಟ್ಟಿಲ ಹತ್ತಿರ ನಿಂತಾಗ ಶೀನು ತಲೆಯೆತ್ತಿ ದೊಡ್ಡ ಬೋರ್ಡು ನೋಡಿದ. ಆ ದಿನಗಳಲ್ಲಿ ಅವನು ಕಂಡದ್ದನ್ನೆಲ್ಲ ಓದುತ್ತಿದ್ದ. ಬಿಸ್ಕೆಟ್ ಪೊಟ್ಟಣ, ಲಾರಿಯ ಹಿಂಬದಿ, ಯಾವುದನ್ನೂ ಬಿಡುತ್ತಿರಲಿಲ್ಲ. “ಕ್... ಕ್ಯಾ... ನ್...” ಎಂದು ಶುರು ಮಾಡಿದ. ಅಪ್ಪ ಗಾಬರಿಯಾಗಿ ಅವನ ರಟ್ಟೆ ಹಿಡಿದು ಎಳೆದರು.

“ಓದಲಿ ಬಿಡ್ರಿ” ಎಂದಳು ಅವ್ವ.

ಅಪ್ಪ ಕೈಬಿಟ್ಟರು. ಶೀನು ನಡುವೆ ಒಂದು ಕಡೆ ತಡವರಿಸಿ, ಮತ್ತೆ ಮೊದಲಿನಿಂದ ಹಿಡಿದು, ಆ ಶಬ್ದವನ್ನು ಇಡಿಯಾಗಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಓದಿದ. ಕ್ಯಾನ್ಸರ್. ಬಾಲ ಹಚ್ಚಲಿಲ್ಲ. ಅದರ ಅರ್ಥ ಅವನಿಗೆ ಯಾರೂ ಕಲಿಸಿರಲಿಲ್ಲ. ಕಣ್ಣರಳಿಸಿ ಅವ್ವನತ್ತ ತಿರುಗಿ, “ಸರಿ ಓದಿದೆನೇನವ್ವಾ?” ಎಂದು ಕೇಳಿದ.

“ಸರಿ ಓದಿದಿ” ಎಂದಳು ಅವ್ವ. “ಒಂದೂ ತಪ್ಪಿಲ್ಲ.”

ಅವನು ಖುಷಿಯಿಂದ ಪಕ್ಕದ ಬೋರ್ಡಿಗೆ ಓಡಿದ. ಒಳಗೆ ನಮ್ಮ ಸರದಿ ಕೂಗುತ್ತಿದ್ದರು. ಅವ್ವ ಕಂಬಕ್ಕೆ ಒರಗಿ, ಅವನು ಅದನ್ನೂ ಓದಿ ಮುಗಿಸುವವರೆಗೆ ಕಾಯುತ್ತ ನಿಂತಳು.