ಕನ್ನಡಿ ತಿಂದ ಅರ್ಧ ಮುಖ

ನಮ್ಮ ಕನ್ನಡಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಕೈ ಚುರುಕೋ ಬಾಯಿ ಚುರುಕೋ ಎಂದು ಕೇಳಿದರೆ ಹೇಳುವುದು ಕಷ್ಟ. ನಾನು ಕನ್ನಡಿಗಳಿಗೆ ಕಾಗದ ಸುತ್ತಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಅವಳದು ಮುಖ ನೋಡುವ ಕೆಲಸ. ಹಿಂಬದಿಗೆ ಬೆಳ್ಳಿ ನೀರು ಹೊಯ್ದು, ಬಣ್ಣ ಬಳಿದು, ಒಣಗಿದ ಪ್ರತಿ ಕನ್ನಡಿಯ ಎದುರೂ ನಿಂತು ಮುಖ ಸೊಟ್ಟಗೆ ಕಾಣುತ್ತದೆಯೇ, ಎಲ್ಲಾದರೂ ಕಲೆ ಇದೆಯೇ ಎಂದು ನೋಡಬೇಕು. ದೋಷ ಕಂಡರೆ ಹಿಂದೆ ಸೀಮೆಸುಣ್ಣದ ಗೀಟು ಎಳೆದು, ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಬೇಕು.

ಗೀಟು ಬಿದ್ದ ಕನ್ನಡಿಯಲ್ಲಿ ಮತ್ತೊಬ್ಬರು ಮುಖ ನೋಡುವಂತಿರಲಿಲ್ಲ. ಅದು ಹಳಬರಿಂದ ಬಂದ ಕಟ್ಟಳೆ. ನಂಬಿಕೆಯೋ ಸೋಮಾರಿತನವೋ, ಯಾರೂ ಮೀರುತ್ತಿರಲಿಲ್ಲ. ಅಂಥ ಕನ್ನಡಿ ನೆಟ್ಟಗೆ ಆಸಿಡ್ಡಿನ ತೊಟ್ಟಿಗೆ ಹೋಗಿ, ಬೆಳ್ಳಿ ಕಳೆದುಕೊಂಡು ಬರಿ ಗಾಜಾಗಿ ವಾಪಸು ಬರುತ್ತಿತ್ತು.

ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಗಾಜು ಕೊಯ್ಯುತ್ತಿದ್ದ. ಬಹಳ ಮೌನಿ. "ನಮ್ಮನೆಯವರು ಮಾತಾಡಿದ್ರೆ ತೆರಿಗೆ ಬೀಳತ್ತೆ ಅಕ್ಕ" ಎಂದು ಅವಳೇ ನಗುತ್ತಿದ್ದಳು. ಇಬ್ಬರು ಮಕ್ಕಳು. ಎರಡನೆಯದನ್ನು ಹೊಟ್ಟೆ ಕೊಯ್ದು ತೆಗೆದಾಗ ರಕ್ತ ನಿಲ್ಲದೆ, ಅವಳು ಬದುಕಿದ್ದೇ ಹೆಚ್ಚು. ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಮತ್ತೆ ಮಗು ಆಗದಿರಲೆಂದು ಒಳಗೆ ವಂಕಿ ಹಾಕಿಸಿಕೊಂಡಳು. ಮತ್ತೆ ರಕ್ತ ಹೋಗತೊಡಗಿ ಅದನ್ನು ತೆಗೆಸಿದಳು. ಕೊನೆಗೆ ಔಷಧಿ ಅಂಗಡಿಯಿಂದ ಬಸಿರು ತಡೆಯುವ ಮಾತ್ರೆ ತಂದು ನುಂಗಲು ಶುರುಮಾಡಿದಳು.

"ಡಾಕ್ಟರಿಗೆ ತೋರಿಸಿದೆಯೇನೇ?" ಎಂದು ಕೇಳಿದೆ.

"ಅಂಗಡಿಯವನಿಗೇ ತೋರಿಸಿದೆ, ಅಕ್ಕ."

"ಅವನೇನು ಕೇಳಿದ?"

"ದುಡ್ಡು ಕೇಳ್ದ."

ಇಬ್ಬರೂ ನಕ್ಕೆವು. ಆಗ ನಗುವ ಮಾತೇ ಆಗಿತ್ತು ಅದು.

ಒಂದು ದಿನ ಬೆಳಗಿನ ಕೆಲಸದ ಮಧ್ಯೆ ಅವಳು ಕನ್ನಡಿಯ ಮುಂದೆ ನಿಂತವಳು ನಿಂತೇ ಇದ್ದಳು. ಒದ್ದೆ ಬಟ್ಟೆಯಿಂದ ಗಾಜು ಒರೆಸಿದಳು. ಒಣಬಟ್ಟೆಯಿಂದ ಒರೆಸಿದಳು. ಆಮೇಲೆ ಗೀಟು ಎಳೆದು ಗೋಡೆಗೆ ತಿರುಗಿಸಿದಳು. ಮುಂದಿನದಕ್ಕೂ ಗೀಟು, ಅದರಾಚೆಯದಕ್ಕೂ ಗೀಟು. ಏನಾಗಿದೆ ಎಂದರೆ, ನಡುವೆ ಒಂದು ಕಲೆ ಎಂದಳು. ಕಲೆಯ ಅಂಚಿಗೆ ಗರಗಸದ ಹಲ್ಲುಗಳಂತೆ ಮಿಣಮಿಣ ಬೆಳಕಂತೆ. ನೋಡುತ್ತಿದ್ದಂತೆ ಅಗಲವಾಗುತ್ತದಂತೆ.

ಅದು ಕೆಲವು ದಿನ ಬಿಟ್ಟು ಮತ್ತೆ ಬಂತು. ಆಮೇಲೆ ಬೇಗಬೇಗ ಬರತೊಡಗಿತು. ಹಾಗಾದ ದಿನ ಮಧ್ಯಾಹ್ನ ಅವಳು ತಲೆಗೆ ಬಟ್ಟೆ ಬಿಗಿದು, ವಾಂತಿ ಮಾಡಿ, ಹುಲ್ಲಿನ ರಾಶಿಯ ಹಿಂದೆ ಮುದುರಿ ಮಲಗುತ್ತಿದ್ದಳು. ತಲೆನೋವು ಮೊದಲೂ ಅಪರೂಪಕ್ಕೆ ಇತ್ತು. ಈ ಪರಿ ಇರಲಿಲ್ಲ. ಗೋಡೆಯುದ್ದಕ್ಕೂ ಕನ್ನಡಿಗಳು ನಮಗೆ ಬೆನ್ನು ತೋರಿಸಿ ನಿಂತವು. ಅವುಗಳ ಮುಂದೆ ಹಾದುಹೋಗುವಾಗ, ಆ ಕಡೆಗೆ ತಿರುಗಿ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನ್ನಿಸುತ್ತಿತ್ತು.

ಯಜಮಾನರು ರೇಗಿದರು. "ಬೆಳ್ಳಿ ನೀರು ಕೆಟ್ಟಿದೆಯಾ, ಇಲ್ಲ ನಿನ್ನ ತಲೆ ಕೆಟ್ಟಿದೆಯಾ?"

ಬೆಳ್ಳಿ ಹೊಯ್ಯುವ ಮುದುಕನಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಅವಳನ್ನು ಪಕ್ಕಕ್ಕೆ ಕರೆದು, "ಕಲೆ ಯಾವ ಬಣ್ಣ, ಮಗಳೇ?" ಎಂದು ಕೇಳಿದ.

"ಕಪ್ಪೂ ಅಲ್ಲ, ಬಿಳಿಯೂ ಅಲ್ಲ ಅಜ್ಜ. ಅಲ್ಲಿ ಏನೂ ಇರಲ್ಲ. ನನ್ನ ಎಡಗಣ್ಣು ಇರಲ್ಲ, ಕೆನ್ನೆ ಇರಲ್ಲ. ಹಿಂದಿನ ಗೋಡೆಯಾದ್ರೂ ಕಾಣ್ಬೇಕಲ್ವಾ? ಅದೂ ಇರಲ್ಲ."

ಮುದುಕ ತನ್ನ ಕೈಗಳನ್ನೇ ನೋಡಿಕೊಂಡ. "ಈ ಗಾಜಿಗೆ ಮುಖದ ರುಚಿ ಹತ್ತಿದೆ" ಎಂದ.

ಆ ಮಾತು ಸಾಕಾಯಿತು. ಹೆಂಗಸರು ಸೆರಗು ಮುಂದೆಳೆದು ಕನ್ನಡಿಗಳ ಸಾಲು ದಾಟತೊಡಗಿದರು. ನಾನೂ ಹಾಗೆಯೇ ದಾಟುತ್ತಿದ್ದೆ. ಆದರೂ ಒಂದು ದಿನ ಎಲ್ಲರೂ ಊಟಕ್ಕೆ ಎದ್ದಾಗ ಒಂದು ಕನ್ನಡಿ ಹಿಡಿದು ಈಚೆ ತಿರುಗಿಸಿದೆ. ಆದದ್ದಾಗಲಿ ಎಂದು ಕಣ್ಣು ಬಿಟ್ಟೆ. ನನ್ನ ಮುಖ ಪೂರ್ತಿ ಇತ್ತು, ಮೂಗಿನ ಪಕ್ಕದ ನರೂಲಿ ಸಮೇತ. ಇನ್ನೊಂದು ತಿರುಗಿಸಿದೆ, ಮತ್ತೊಂದು ತಿರುಗಿಸಿದೆ. ಒಂದು ಚುಕ್ಕೆ ದೋಷವಿಲ್ಲ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಕಲೆ ಇಲ್ಲಿಲ್ಲ ಎಂದರೆ ಮತ್ತೆಲ್ಲಿದೆ?

ಉತ್ತರ ಅಂದೇ ಸಿಕ್ಕಿತು. ಬುತ್ತಿ ಬಿಚ್ಚಿ ಕೂತಿದ್ದ ಪಾದರಸ ಎದುರಿಗಿದ್ದ ಗಂಡನನ್ನು ದಿಟ್ಟಿಸಿದಳು. "ರೀ, ನಿಮ್ಮ ಆ ಕಡೆ ಎಲ್ಲಿ ಹೋಯ್ತು?"

"ಯಾವ ಕಡೆ?"

"ಆ ಕಡೆ... ಕಿವಿ ಇರೋ ಕಡೆ. ಅರ್ಧವೇ ಕೂತಿದ್ದೀರಲ್ರೀ."

ಅಲ್ಲಿ ಕನ್ನಡಿ ಇರಲಿಲ್ಲ. ಅವಳ ಕೈಯಿಂದ ಲೋಟ ಜಾರಿ ಬಿತ್ತು. ಬೆರಳಿಗೆ ಜೋಮು ಹಿಡಿದಂತಾಗಿದೆ ಎಂದಳು. ಆಮೇಲೆ ಬಿದ್ದ ಲೋಟದ ಕಡೆ ನೋಡುತ್ತ, "ಗೀಟು ಕೊಡಿ, ನಂಗೆ ಗೀಟು ಕೊಡಿ" ಎಂದಳು. ನೀರು ಕೇಳುತ್ತಿದ್ದಾಳೆ ಎಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ನಾಲಿಗೆ ಬೇರೆಯವರದಾಗಿತ್ತು. ಸ್ವಲ್ಪ ಹೊತ್ತಿಗೆ ಮಾತು ಸರಿಹೋಯಿತು. ಆದರೆ ಆ ಮೌನಿ ಗಂಡ ಮೊಟ್ಟಮೊದಲ ಸಲ ಜೋರಾಗಿ ಕೂಗಿದ್ದನ್ನು ಕೇಳಿದೆ: "ಏಳು, ಈಗಲೇ ಹೊರಡು."

ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಎಲ್ಲ ಕೇಳಿದರು, ಅವಳ ರಟ್ಟೆಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ, "ಮಾತ್ರೆ ಏನಾದ್ರೂ ನುಂಗ್ತಿದ್ದೀಯಾ?" ಎಂದರು. ಅವಳು ಸೊಂಟದ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದಳು.

"ಇವತ್ತೇ ಬಿಡು. ಮಾತ್ರೆ ಕೆಟ್ಟದ್ದಂತಲ್ಲಮ್ಮ, ಎಷ್ಟೋ ಜನ ಹೆಂಗಸರು ನುಂಗಿ ಚೆನ್ನಾಗೇ ಇದ್ದಾರೆ. ಆದ್ರೆ ಹೀಗೆ ಬೆಳಕು ಕುಣಿಯೋ ತಲೆನೋವಿಗೂ ಈ ಮಾತ್ರೆಗೂ ಆಗಿಬರಲ್ಲ. ಎರಡೂ ಸೇರಿದ್ರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗೋ ಭಯ ಹೆಚ್ಚು. ಕೈಕಾಲು ಬಿದ್ದುಹೋಗಬಹುದು, ಜೀವವೇ ಹೋಗಬಹುದು."

"ಬಿಟ್ರೆ ಕಣ್ಣಿನ ಕಲೆ ಹೋಗತ್ತಾ?"

"ಹೋಗಲೂಬಹುದು, ಆಗೊಮ್ಮೆ ಈಗೊಮ್ಮೆ ಬರಲೂಬಹುದು. ಭಯ ಮಾತ್ರ ಕಡಿಮೆಯಾಗತ್ತೆ."

ಮಕ್ಕಳಾಗದಂತೆ ಹೆಂಗಸರಿಗೆ ಮಾಡುವ ಆಪರೇಷನ್ನಿಗೆ ಅವಳ ಹೊಟ್ಟೆಯ ಹಳೆಯ ಗಾಯ ಅಡ್ಡಿಯಿತ್ತು. "ಗಂಡಸರದ್ದಾದ್ರೆ ಸಣ್ಣ ಕೆಲಸ, ಅದೇ ದಿನ ಮನೆಗೆ ಹೋಗಬಹುದು" ಎಂದು ಡಾಕ್ಟರಮ್ಮ ಅವನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ.

ಹೊರಗೆ ಬೆಂಚಿನ ಮೇಲೆ ಕೂತಾಗ ಅವನು ಬಾಯಿ ಬಿಟ್ಟ. "ನಂಗೆ ಕತ್ತಿ ಅಂದ್ರೆ ಆಗಲ್ಲ."

"ದಿನಾ ಕೊಯ್ಯೋರು ನೀವು! ಕೈತುಂಬ ಗಾಯದ ಕಲೆ ಇಟ್ಕೊಂಡಿದ್ದೀರ."

"ಅದು ಗಾಜು ಕಣೇ. ಆಮೇಲೆ ಭಾರ ಎತ್ತೋಕಾಗಲ್ಲ, ಗಂಡಸುತನ ಹೋಗತ್ತೆ ಅಂತಾರೆ."

"ಯಾರು ಅಂತಾರೆ? ಮಾಡಿಸ್ಕೊಂಡೋರಾ, ಮಾಡಿಸ್ಕೊಳ್ಳದೆ ಓಡಿಹೋದೋರಾ?"

ಅವಳ ದನಿ ಇಳಿಯಿತು. "ಕೇಳ್ರಿ. ಮಾತ್ರೆ ನುಂಗಿದ್ರೆ ಹಾಗೆ ಸಾಯ್ಬಹುದು. ಬಿಟ್ಟು ಬಸುರಿಯಾದ್ರೆ ಹೀಗೆ ಸಾಯ್ಬಹುದು. ನಂಗೆ ಯಾವುದು ಒಳ್ಳೇದು ಅಂತ ನೀವೇ ಆರಿಸಿ ಹೇಳಿ."

ಅವನು ಎದ್ದು ಬಸ್ಸಿನ ಕಡೆ ನಡೆದ. ಹಲವು ದಿನ ಆ ಮಾತು ಹಾಗೇ ಉಳಿಯಿತು. ಅವಳು ಮಾತ್ರೆ ಬಿಟ್ಟಳು, ಮಕ್ಕಳನ್ನು ನಡುವೆ ಹಾಕಿಕೊಂಡು ಮಲಗಿದಳು. ಕಾರ್ಖಾನೆಯಲ್ಲಿ ಅವನು ಕೊಯ್ದ ಗಾಜೆಲ್ಲ ಗೀರು ಬಿಟ್ಟು ಬೇರೆ ಕಡೆ ಸೀಳುತ್ತಿತ್ತು. ಆಮೇಲೆ ಒಂದು ದಿನ, ಬಸ್ಸು ಕಾಯುವಾಗ, ಎಂದಿನಂತೆ ಎಲ್ಲೋ ನೋಡುತ್ತ ಅವನು ಅವಳಿಗೆ ಹೇಳಿದ: "ಆಸ್ಪತ್ರೆಯವರು ಸೋಮವಾರ ಬಾ ಅಂದಿದ್ದಾರೆ. ನೀನೂ ಬಾ. ಒಬ್ಬನೇ ಹೋದ್ರೆ ವಾಪಸು ಓಡಿಬಿಡ್ತೀನಿ."

ಆ ಸೋಮವಾರ ನಾನೂ ಹೋದೆ. ಅವನು ಕೈಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟು ಒಳಗೆ ಹೋದ. ಬಾಗಿಲು ಮುಚ್ಚಿತು. ಬೆಂಚಿನಲ್ಲಿ ನಾವಿಬ್ಬರೇ. ಅವಳು ತಟ್ಟನೆ ನನ್ನ ಮಣಿಕಟ್ಟು ಹಿಡಿದಳು.

"ಅಕ್ಕ, ಬಂತು."

"ಏನು ಬಂತೇ?"

"ಅದೇ. ಬಾಗಿಲನ್ನ ತಿಂತಾ ಇದೆ. ಹಿಡಿ ಹೋಯ್ತು. ಅವರು ಹೊರಗೆ ಬರೋದು ಹೇಗೆ?"

ಬಾಗಿಲು ನನ್ನ ಕಣ್ಣಿಗೆ ಪೂರ್ತಿ ಇತ್ತು. ಆದರೂ ಎದ್ದು ಹೋಗಿ ಹಿಡಿ ಮುಟ್ಟಿ ನೋಡಿ ಬಂದೆ. ಡಾಕ್ಟರಮ್ಮನನ್ನು ಕರೆಯಲೇ ಎಂದೆ. ಮಾತು, ಕೈ, ಕಾಲು ಎಲ್ಲ ಸರಿಯಿತ್ತು. ಡಾಕ್ಟರಮ್ಮ ಬಂದು ನೋಡಿ, "ಇದು ಬರೀ ತಲೆನೋವಿನ ಮುನ್ಸೂಚನೆ, ಹೆದರಬೇಡ" ಎಂದು ಕಣ್ಣು ಮುಚ್ಚಿಸಿ ಕೂರಿಸಿದರು. ಅವರು ಹೋದಮೇಲೆ ಅವಳು ಪಿಸುಗುಟ್ಟಿದಳು. "ನಮ್ಮನೆಯವರಿಗೆ ಹೇಳ್ಬೇಡಿ, ಅಕ್ಕ. ಮಾತ್ರೆ ಬಿಟ್ರೂ ಬಂತು ಅಂದ್ರೆ ಸುಮ್ಮನೆ ಕುಯ್ಯಿಸ್ಕೊಂಡೆ ಅಂದ್ಕೋತಾರೆ."

ಬಾಗಿಲು ತೆರೆಯಿತು. ಅವನು ಕಾಲಗಲಿಸಿ, ಒದ್ದೆ ನೆಲದ ಮೇಲೆ ನಡೆಯುವವನಂತೆ ಬಂದ. ಮುಖ ಸುಣ್ಣದಂತಾಗಿತ್ತು. ಪರೀಕ್ಷೆಯಲ್ಲಿ ಸರಿ ಅಂತ ಬರುವ ತನಕ ಕಾಂಡೋಮ್ ಬಳಸಬೇಕು ಎಂದು ಹಿಂದಿನಿಂದ ನರ್ಸ್ ಎಲ್ಲರಿಗೂ ಕೇಳುವಂತೆ ಹೇಳಿದಳು. ಅವನು ಇನ್ನಷ್ಟು ಬಿಳುಚಿಕೊಂಡ.

"ಏನೇ ಹಾಗೆ ನೋಡ್ತೀಯ?" ಎಂದ.

"ಏನೂ ಇಲ್ಲ. ನೋವಾಯ್ತಾ?"

"ಇರುವೆ ಕಚ್ಚಿದ ಹಾಗೆ" ಎಂದ. ಸುಳ್ಳು ಎಂದು ಅವನ ಹಣೆಯ ಬೆವರು ಹೇಳುತ್ತಿತ್ತು.

ಬೀದಿಗೆ ಇಳಿದೆವು. ಅವಳು ಅವನ ಬಲಕ್ಕೆ ನಡೆಯುತ್ತಿದ್ದಳು. ಅವಳ ಕಣ್ಣಿಗೆ ಎಡಗಡೆ ಇನ್ನೂ ಏನೂ ಇರಲಿಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ನಾಲ್ಕು ಹೆಜ್ಜೆ ಹೋದವಳು ನಿಂತಳು. ಅವನ ಬೆನ್ನ ಹಿಂದಿನಿಂದ ಸುತ್ತಿ ಆ ಪಕ್ಕಕ್ಕೆ ಬಂದು, ಅವನು ಕಾಣುವ ಕಡೆಯಲ್ಲಿ, ತೋಳು ಹಿಡಿದು ನಡೆದಳು.